ಊರ ಕಾವಲು ಊರವರ ಕಾಯಕ

ಒಂದು ಊರಿನಲ್ಲಿ ಅಪರಾಧವು ನಡೆದರೆ ಅದಕ್ಕೆ ಸಂಬಂಧಪಟ್ಟವರು ಮೂರು ತೆರದವರಿರುವರು. ಕೃತ್ಯವನ್ನು ಎಸಗಿದವನು ಮೊದಲನೆಯವನು. ಅದರಿಂದ ನೊಂದವನು ಎರಡನೆಯವನು. ಕಂಡೂ ಕಾಣದಂತೆ ಸುಮ್ಮನಿದ್ದವರು ಮೂರನೆಯವರು. ಶಾಸನವು ಮೊದಲನೆಯವನನ್ನು ದಂಡಿಸುವುದು. ಎರಡನೆಯವನಿಗೆ ನ್ಯಾಯ ದೊರಕಿಸಲು ಯತ್ನಿಸುವುದು. ಮೂರನೆಯವರನ್ನು ಶಾಸನವು ಸುಲಭವಾಗಿ ಮುಟ್ಟಲಾರದು. ಆದರೆ ಊರಿನಲ್ಲಿ ಸಂಖ್ಯೆಯಿಂದ ಹೆಚ್ಚಾಗಿರುವವರು ಇವರೇ. ಇವರ ಮೌನವೇ ಕೇಡಿಗನಿಗೆ ಬಲವಾಗುವುದು. ಇವರ ಎಚ್ಚರವೇ ಊರಿಗೆ ಕೋಟೆಯಾಗುವುದು. ಅಧಿಕಾರಿಗಳೂ ಗ್ರಾಮಸ್ಥರೂ ಒಂದುಗೂಡಿ ಅಪರಾಧವನ್ನು ತಡೆಯುವ ಎಲ್ಲ ಪ್ರಯತ್ನಗಳಿಗೂ ಈ ತತ್ತ್ವವೇ ತಳಹದಿ.

ಶರಣರ ಬಳಗವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುವುದು. ವಚನಕಾರರಲ್ಲಿ ತಳವಾರ ಕಾಮಿದೇವಯ್ಯನೆಂಬವನಿರುವನು. ಊರ ಕಾವಲು ಅವನ ಕಾಯಕ. ಅದೇ ಬಳಗದಲ್ಲಿ ಕನ್ನದ ಮಾರಿತಂದೆಯೆಂಬವನೂ ಇರುವನು. ಕನ್ನವೆಂದರೆ ಕಳ್ಳನು ಗೋಡೆಯಲ್ಲಿ ಕೊರೆಯುವ ಕಂಡಿ. ಕಾಯುವವನೂ ಕನ್ನವಿಕ್ಕುವವನೂ ಒಂದೇ ಶರಣಗಣದಲ್ಲಿ ಸೇರಿದುದು ಸಾಮಾನ್ಯ ಸಂಗತಿಯಲ್ಲ. ಕಾವಲು ಕೀಳಾದ ಕೂಲಿಯಲ್ಲ, ಅದೂ ಒಂದು ಕಾಯಕವೆಂಬ ಪಾಠವನ್ನು ಮೊದಲನೆಯವನ ಹೆಸರು ಕಲಿಸುವುದು. ದಾರಿ ತಪ್ಪಿದವನಿಗೂ ಮರಳಿ ಬರಲು ಬಾಗಿಲಿದೆಯೆಂಬ ಪಾಠವನ್ನು ಎರಡನೆಯವನ ಹೆಸರು ಕಲಿಸುವುದು. ಈ ಎರಡು ಪಾಠಗಳು ಚಾಮರಾಜನಗರ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಹೇಗೆ ಪರೀಕ್ಷೆಗೊಳಗಾದುವೆಂಬುದನ್ನು ಇಲ್ಲಿ ವಿಚಾರಿಸಬಹುದು.

1. ಬೆಟ್ಟಕ್ಕೆ ಬಿದ್ದ ಬೆಂಕಿ

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದು ಹಂಗಳದಲ್ಲಿ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಎದುರಾಗುವುದು. ವರ್ಷದ ಬಹುಕಾಲ ಮಂಜು ಕವಿದಿರುವ ಈ ಶಿಖರವು ಬಂಡೀಪುರದ ಕಾಡಿನಲ್ಲಿಯೇ ಅತ್ಯುನ್ನತವಾದುದು. ಎತ್ತರ ಸುಮಾರು 1,450 ಮೀಟರು. ಮೈಸೂರು ಅರಸರ ಕಾಲದಲ್ಲಿ, 1941ರಲ್ಲಿ, ಈ ಸುತ್ತಿನ ಕಾಡನ್ನು ವಿಸ್ತರಿಸಿದಾಗ ಬೆಟ್ಟದ ದೇವರ ಹೆಸರಿನಿಂದಲೇ ಅದನ್ನು ವೇಣುಗೋಪಾಲ ವನ್ಯಜೀವಿ ಧಾಮವೆಂದು ಕರೆದರು. 1973ರಲ್ಲಿ ಬಂಡೀಪುರವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಬೆಟ್ಟದ ಬುಡದಿಂದ ಹೊಲಗಳು, ಹೊಲಗಳ ಅಂಚಿನಲ್ಲಿ ಊರುಗಳು. ಕಾಡಿಗೂ ಊರಿಗೂ ನಡುವೆ ಒಂದು ಕಂದಕದಷ್ಟೇ ಅಂತರ.

2019ರ ಫೆಬ್ರವರಿ ತಿಂಗಳ ಮೂರನೆಯ ವಾರದಲ್ಲಿ ಈ ಕಾಡಿಗೆ ಬೆಂಕಿ ಬಿದ್ದಿತು. ಒಣಗಿದ ಹುಲ್ಲೂ ಲಂಟಾನದ ಪೊದೆಗಳೂ ಸೇರಿ ಉರಿದುವು. ಗಾಳಿ ಅದನ್ನು ಗುಡ್ಡದಿಂದ ಗುಡ್ಡಕ್ಕೆ ಒಯ್ದಿತು. ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳು ಕರಕಾದುವು. ಅರಣ್ಯ ಸಿಬ್ಬಂದಿಯೊಡನೆ ನೂರಾರು ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿದರು; ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಆಕಾಶದಿಂದ ನೀರು ಸುರಿದುವು. ಅಷ್ಟರಲ್ಲಿ 4,000 ಹೆಕ್ಟೇರಿಗೂ ಮಿಕ್ಕಿದ ಕಾಡು ಸುಟ್ಟುಹೋಗಿದ್ದಿತು. ಅದಕ್ಕೆ ಎರಡು ವರ್ಷಗಳ ಹಿಂದೆ, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕನೊಬ್ಬನು ಜ್ವಾಲೆಗೆ ಸಿಕ್ಕಿ ಪ್ರಾಣಬಿಟ್ಟಿದ್ದನು.

ಈ ಸೀಮೆಯ ಎಲೆಯುದುರುವ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ವಿರಳ. ಬಹುಮಟ್ಟಿಗೆ ಅದು ಮನುಷ್ಯನ ಕೈಯಿಂದ ಹುಟ್ಟುವುದು. ಎಳೆಹುಲ್ಲು ಚಿಗುರಲೆಂದು ಒಬ್ಬನು ಕಡ್ಡಿ ಗೀರುವನು; ಉರುಳು ಹಾಕಿ ಮೃಗ ಹಿಡಿಯಲೆಂದು ಇನ್ನೊಬ್ಬನು; ಸೇದಿದ ಬೀಡಿಯನ್ನು ನಂದಿಸದೆ ಎಸೆಯುವವನು ಮತ್ತೊಬ್ಬನು. ಆನೆ ತುಳಿದ ಬೆಳೆಗೆ, ಹುಲಿ ಹಿಡಿದ ದನಕ್ಕೆ ತಕ್ಕ ಪರಿಹಾರ ಬರಲಿಲ್ಲವೆಂಬ ಸಿಟ್ಟನ್ನು ಕಾಡಿನ ಮೇಲೆ ತೀರಿಸಿಕೊಳ್ಳುವವರೂ ಇಲ್ಲದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಆದರೆ ಸಾವಿರ ಚದರ ಕಿಲೋಮೀಟರಿನಷ್ಟು ಹರಡಿದ ಕಾಡಿನಲ್ಲಿ ಕಡ್ಡಿ ಗೀರಿದ ಕೈಯನ್ನು ಹಿಡಿಯುವವರಾರು? ದನ ಮೇಯಿಸುವವನು ಕಂಡಿರುವನು. ಸೌದೆಗೆ ಹೋದವಳು ಕಂಡಿರುವಳು. ಅವರು ಬಾಯಿ ಬಿಡದಿದ್ದರೆ ಕಾಯಿದೆಯು ಪುಸ್ತಕದಲ್ಲಿಯೇ ಉಳಿಯುವುದು.

ಇಲ್ಲಿ ಗಮನಿಸಬೇಕಾದ ಮತ್ತೊಂದು ವಿಷಯವಿದೆ. ಕಾಡಿನೊಡನೆ ಹಗೆಯಿರುವ ಊರು ಕಾಡನ್ನು ಕಾಯಲಾರದು. ವನ್ಯಜೀವಿ ಚಿತ್ರಕಾರರಾದ ಕೃಪಾಕರ ಮತ್ತು ಸೇನಾನಿಯವರು ಮಿತ್ರರೊಡನೆ ಕಟ್ಟಿದ ‘ನಮ್ಮ ಸಂಘ’ವು ಬಂಡೀಪುರದ ಅಂಚಿನ ಊರುಗಳ ಸಾವಿರಾರು ಮನೆಗಳಿಗೆ ಅಡುಗೆ ಅನಿಲದ ಸಂಪರ್ಕವನ್ನು ಒದಗಿಸಿತು. ಸೌದೆಗಾಗಿ ನಿತ್ಯವೂ ಕಾಡು ಹೊಗುತ್ತಿದ್ದ ಹೆಂಗಸರ ಶ್ರಮ ತಗ್ಗಿತು. ಆನೆಯ ಭಯವೂ ಅಧಿಕಾರಿಯ ಭಯವೂ ಒಟ್ಟಿಗೇ ತಗ್ಗಿದುವು. ಮರ ಕಡಿಯಬೇಡವೆಂದು ಹೇಳುವ ಮೊದಲು ಒಲೆಯನ್ನು ಹೊತ್ತಿಸಿ ಕೊಟ್ಟ ಈ ಕ್ರಮವು ವಿವೇಕದ ಕ್ರಮ. ಬೇಸಗೆಯಲ್ಲಿ ಬೆಂಕಿ ಕಾಯುವ ಕೆಲಸಕ್ಕೆ ಕಾಡಿನ ಮಕ್ಕಳಾದ ಬುಡಕಟ್ಟಿನವರನ್ನೇ ನೇಮಿಸಿಕೊಳ್ಳುವ ಪದ್ಧತಿಯೂ ಇದೇ ಜಾತಿಯದು. ಬೆಟ್ಟದ ಮೇಲಕ್ಕೆ ಈಗ ಖಾಸಗಿ ವಾಹನಗಳನ್ನು ಬಿಡುವುದಿಲ್ಲ; ಬುಡದಲ್ಲಿ ಅವನ್ನು ನಿಲ್ಲಿಸಿ ಯಾತ್ರಿಕರು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ಕುಡಿತ, ಗಲಭೆ, ಕಸದ ರಾಶಿಗಳಿಗೆ ಇದರಿಂದ ಎಡೆ ಕಡಿಮೆಯಾಗುವುದು. ಆದರೆ ಬಸ್ಸಿನಿಂದ ಇಳಿದ ಭಕ್ತನ ಕೈಯಲ್ಲಿ ಪ್ಲಾಸ್ಟಿಕ್ ಚೀಲವಿದ್ದರೆ ನಿಯಮವು ಅರ್ಧವೇ ನಡೆದಂತಾಯಿತು.

2. ಗೋಪಿನಾಥಂ ಕಲಿಸಿದ ಪಾಠ

ಈ ಬೆಟ್ಟವು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದ್ದರೆ ಪೂರ್ವದ ಅಂಚಿನಲ್ಲಿ, ಮಲೆ ಮಹದೇಶ್ವರ ಬೆಟ್ಟದಾಚೆ, ಗೋಪಿನಾಥಂ ಎಂಬ ಗ್ರಾಮವಿದೆ. ಆನೆಯ ದಂತವನ್ನೂ ಶ್ರೀಗಂಧವನ್ನೂ ದೋಚಿ, ಅನೇಕರ ಪ್ರಾಣ ತೆಗೆದ ವೀರಪ್ಪನ್ ಹುಟ್ಟಿದ ಊರು ಅದು. ಊರವರಲ್ಲಿ ಕೆಲವರಿಗೆ ಅವನಿಂದ ಕೂಲಿ ದೊರೆಯುತ್ತಿತ್ತು. ಉಳಿದವರಿಗೆ ಅವನ ಭಯ. ಕೂಲಿಯೂ ಭಯವೂ ಸೇರಿ ಊರಿನ ಬಾಯಿಗೆ ಬೀಗ ಹಾಕಿದ್ದುವು.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1986ರಲ್ಲಿ ವೀರಪ್ಪನ್‌ನನ್ನು ಸೆರೆಹಿಡಿದಿದ್ದರು. ಆದರೆ ಅವನು ಕಾವಲಿನಿಂದ ತಪ್ಪಿಸಿಕೊಂಡನು. ಅನಂತರ ಶ್ರೀನಿವಾಸರು ಹಿಡಿದ ದಾರಿಯೇ ಬೇರೆ. ಅವರು ಗೋಪಿನಾಥಂನಲ್ಲಿಯೇ ನೆಲೆಸಿ ಊರಿನ ಕಷ್ಟಗಳನ್ನು ತಿಳಿದರು. ರೋಗಿಗಳಿಗೆ ಔಷಧ ಒದಗಿಸಿದರು. ಕುಡಿಯುವ ನೀರಿಗೆ ದುಡಿದರು. ಗ್ರಾಮಸ್ಥರೊಡನೆ ಸೇರಿ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿದರು. ದರೋಡೆಕೋರರ ತಂಡವನ್ನು ಸೇರಿದ್ದವರ ಮನೆಗಳಿಗೆ ಹೋಗಿ ತಾಯಂದಿರೊಡನೆಯೂ ಹೆಂಡಿರೊಡನೆಯೂ ಮಾತನಾಡಿದರು. ತಂಡದ ಹಲವರು ಆಯುಧವನ್ನಿಟ್ಟು ಶರಣಾದರು. ಬಂದೂಕಿನಿಂದ ಆಗದುದು ನಂಬಿಕೆಯಿಂದ ಆಗತೊಡಗಿದ್ದಿತು.

ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಶ್ರೀನಿವಾಸರು 1991ರ ನವೆಂಬರ್ 10ರಂದು ಅವನ ಮೋಸಕ್ಕೆ ಬಲಿಯಾದರು. ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರವನ್ನು ಅರ್ಪಿಸಿತು. ಗೋಪಿನಾಥಂನ ಜನರು ಅವರನ್ನು ಇಂದಿಗೂ ಗೌರವದಿಂದ ನೆನೆಯುವರು.

ಮುಂದಿನ 13 ವರ್ಷಗಳ ಕಥೆ ನೋವಿನದು. 2000ದ ಜುಲೈ 30ರಂದು ವರನಟ ರಾಜ್‌ಕುಮಾರರ ಅಪಹರಣವಾಯಿತು. 2002ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒಯ್ದರು, ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು. ಈ ನಡುವೆ ಅವನನ್ನು ಹುಡುಕುವ ಕಾರ್ಯಾಚರಣೆಯಲ್ಲಿ ನಿರಪರಾಧಿ ಗ್ರಾಮಸ್ಥರೂ ಗಿರಿಜನರೂ ಹಿಂಸೆಗೊಳಗಾದರೆಂಬ ದೂರುಗಳೆದ್ದುವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿ ವಿಚಾರಣೆ ಮಾಡಿಸಿತು. 2007ರಲ್ಲಿ ನೊಂದವರಿಗೆ ಪರಿಹಾರ ಕೊಡಬೇಕೆಂದು ತಿಳಿಸಿತು. ಒಂದೇ ಕಾಡು, ಒಂದೇ ಜನ. ಆದರೂ ಎರಡು ದಾರಿಗಳಿಗೆ ಎರಡು ಫಲ. ಊರನ್ನು ಜೊತೆಗಾರನನ್ನಾಗಿ ಕಂಡಾಗ ಕಳ್ಳನ ಬಳಗ ಕರಗತೊಡಗಿತು. ಊರನ್ನೇ ಸಂಶಯದಿಂದ ಕಂಡಾಗ ಊರು ಎರಡು ಕಡೆಯಿಂದಲೂ ಏಟು ತಿಂದಿತು. ಕಡೆಯಲ್ಲಿ ಶ್ರೀನಿವಾಸರಿಗೆ ಮೃತ್ಯುವೊದಗಿದುದರಿಂದ ಅವರು ಹಿಡಿದ ದಾರಿ ಸುಳ್ಳಾಗಲಿಲ್ಲ.

3. ನೆರೆನಾಡಿನ ನಿದರ್ಶನ

ಕೇರಳದ ಪೆರಿಯಾರ್ ಅಭಯಾರಣ್ಯದಲ್ಲಿ ಕಾಡುದಾಲ್ಚಿನ್ನಿಯ ತೊಗಟೆಯನ್ನು ಕದ್ದು ಮಾರುತ್ತಿದ್ದ ಗುಂಪೊಂದಿದ್ದಿತು. ಅಲ್ಲಿನ ಜನರು ಆ ಮರವನ್ನು ವಯಣವೆನ್ನುವರು. 1990ರ ದಶಕದ ಕೊನೆಯಲ್ಲಿ, ಪರಿಸರ ಅಭಿವೃದ್ಧಿ ಯೋಜನೆಯ ಕಾಲದಲ್ಲಿ, ಅಧಿಕಾರಿಗಳು ಅವರೊಡನೆ ಮಾತುಕತೆ ನಡೆಸಿದರು. ಅವರು ಕಳವನ್ನು ಬಿಟ್ಟು ಸಮಿತಿಯೊಂದನ್ನು ಕಟ್ಟಿಕೊಂಡರು. ಪ್ರವಾಸಿಗಳಿಗೆ ದಾರಿ ತೋರಿಸುವ ಕೆಲಸವೂ ಕಾಡಿನ ಗಸ್ತೂ ಅವರ ಜೀವನೋಪಾಯವಾದುವು. ಕಳ್ಳದಾರಿಗಳನ್ನು ಬಲ್ಲವರೇ ಆ ದಾರಿಗಳಿಗೆ ಕಾವಲಾದರು. ಕನ್ನದ ಮಾರಿತಂದೆಯ ಹೆಸರನ್ನು ನೆನೆಯುವವರಿಗೆ ಈ ಸಂಗತಿಯಲ್ಲಿ ಆಶ್ಚರ್ಯವಾಗದು. ಆದರೆ ಒಂದು ವಿಷಯವನ್ನು ಮರೆಯಲಾಗದು: ಅವರಿಗೆ ಕ್ಷಮೆಯ ಜೊತೆಗೆ ದುಡಿಮೆಯೂ ದೊರೆಯಿತು. ಬರಿಯ ಉಪದೇಶ ಮಾಡಿ ಕಳಿಸಿದ್ದರೆ ಹಸಿವು ಅವರನ್ನು ಮತ್ತೆ ಹಳೆಯ ದಾರಿಗೇ ಎಳೆಯುತ್ತಿತ್ತು. ಕಾಯಕವಿಲ್ಲದವನಿಗೆ ಕಾಯಕವನ್ನು ಹುಡುಕಿಕೊಡುವುದೂ ದಾಸೋಹವೇ.

4. ಶಾಸನದ ಅವಕಾಶ ಮತ್ತು ಅದರ ಎಲ್ಲೆ

ಊರವರು ಕಾವಲಿನಲ್ಲಿ ಪಾಲ್ಗೊಳ್ಳಲು ಶಾಸನವೂ ದಾರಿ ಮಾಡಿದೆ. ನಮ್ಮ ರಾಜ್ಯದಲ್ಲಿ 1964ರಲ್ಲಿಯೇ ಗ್ರಾಮ ರಕ್ಷಣಾ ದಳಗಳ ಕಾಯಿದೆಯಾಯಿತು. ದಳಪತಿಯ ಹೆಸರನ್ನು ಹಳ್ಳಿಗರು ಬಲ್ಲರು. 1993ರ ಸರ್ಕಾರಿ ಆದೇಶದಿಂದ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದುವು. ಇಂಗ್ಲೆಂಡಿನಲ್ಲಿ 1998ರ ಶಾಸನವೊಂದು, ಅಪರಾಧವನ್ನು ತಗ್ಗಿಸುವ ಹೊಣೆಯನ್ನು ಪೊಲೀಸರ ಮೇಲೆ ಮಾತ್ರ ಹೊರಿಸದೆ, ಊರಾಡಳಿತವೂ ಪೊಲೀಸರೂ ಕೂಡಿ ಯೋಜನೆ ಮಾಡಬೇಕೆಂದು ವಿಧಿಸಿತು. ಕುಡುಕರ ಗಲಾಟೆ, ಬೀದಿಯ ಕಿರುಕುಳಗಳಂತಹ ಸಣ್ಣ ಕೇಡುಗಳನ್ನು ಮೊದಲೇ ತಡೆಯುವುದೂ ಅದರ ಗುರಿ. ದೀಪವಿಲ್ಲದ ಬೀದಿಗೆ ದೀಪ ಹಾಕಿಸುವುದು ಪಂಚಾಯತಿಯ ಕೆಲಸ. ಶಾಲೆ ಬಿಟ್ಟ ಹುಡುಗನನ್ನು ಶಾಲೆಗೆ ಮರಳಿಸುವುದು ಉಪಾಧ್ಯಾಯರ ಮತ್ತು ಹಿರಿಯರ ಕೆಲಸ. ಇವೆರಡೂ ಅಪರಾಧವನ್ನು ತಡೆಯುವ ಕೆಲಸಗಳೇ.

ಆದರೆ ಕಾವಲು ಬೇರೆ, ದಂಡನೆ ಬೇರೆ. ಅಪರಿಚಿತನನ್ನು ಕಂಡೊಡನೆ ಕಳ್ಳನೆಂದು ಹೊಡೆಯುವ ಗುಂಪು ಊರನ್ನು ಕಾಯುವುದಿಲ್ಲ, ತಾನೇ ಅಪರಾಧಿಯಾಗುವುದು. ಮಕ್ಕಳ ಕಳ್ಳರು ಬಂದರೆಂಬ ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿ 2018ರಲ್ಲಿ ದೇಶದ ಹಲವೆಡೆ ನಿರಪರಾಧಿಗಳ ಪ್ರಾಣಹಾನಿಯಾಯಿತು. ಕರ್ನಾಟಕವೂ ಅದಕ್ಕೆ ಹೊರತಾಗಲಿಲ್ಲ. ಕೇರಿಯನ್ನು ನೋಡಿ, ಕುಲವನ್ನು ನೋಡಿ ಸಂಶಯಪಡುವುದಂತೂ ಶರಣಮಾರ್ಗಕ್ಕೆ ಪೂರ್ಣ ವಿರುದ್ಧವಾದುದು. ನೋಡುವುದು, ತಿಳಿಸುವುದು, ಸಾಕ್ಷಿ ನುಡಿಯುವುದು ಊರವರ ಪಾಲು. ಹಿಡಿಯುವುದು ಪೊಲೀಸರ ಪಾಲು. ತೀರ್ಪು ನ್ಯಾಯಾಲಯದ ಪಾಲು.

5. ಗೃಹಸ್ಥರ ಕರ್ತವ್ಯ

ಈ ಎಲ್ಲ ವಿಚಾರದಿಂದ ಗೃಹಸ್ಥರಾದ ಸದ್ಭಕ್ತರು ಗ್ರಹಿಸತಕ್ಕ ಅಂಶಗಳು ಕೆಲವಿವೆ. ಕಾಡಿನಂಚಿನಲ್ಲಿ ಹೊಗೆ ಕಂಡರೆ ಅರಣ್ಯ ಕಚೇರಿಗೂ, ಊರಿನಲ್ಲಿ ಅಪಾಯ ಕಂಡರೆ 112ಕ್ಕೂ ಕೂಡಲೇ ತಿಳಿಸಬೇಕು. ಬೆಳೆ ಹಾನಿಯಾದಾಗ ನೆರೆಯವನ ಅರ್ಜಿಯನ್ನು ಬರೆದುಕೊಟ್ಟು, ಕಚೇರಿಯವರೆಗೆ ಅವನ ಜೊತೆ ಹೋಗಬೇಕು. ಆ ಒಂದು ನಡಿಗೆಯಿಂದ ಒಂದು ಕಡ್ಡಿ ಗೀರುವುದು ತಪ್ಪಬಹುದು. ಕದ್ದ ಮರವನ್ನೂ ಬೇಟೆಯ ಮಾಂಸವನ್ನೂ ಅಗ್ಗವೆಂದು ಕೊಳ್ಳಬಾರದು, ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಲ್ಲ. ಸೆರೆಮನೆಯಿಂದ ಹಿಂದಿರುಗಿ ನೆಟ್ಟಗೆ ಬಾಳಬಯಸುವವನಿಗೆ ಕೆಲಸ ಕೊಡಲು ಹಿಂಜರಿಯಬಾರದು. ತನ್ನ ಮನೆಯ ಮಗನೇ ತಪ್ಪಿದ್ದರೆ ಮುಚ್ಚಿಡದೆ ತಿದ್ದಬೇಕು. ಈ ಕಡೆಯದು ಎಲ್ಲಕ್ಕಿಂತ ಕಷ್ಟವಾದುದು. ಗೋಪಿನಾಥಂನ ತಾಯಂದಿರಲ್ಲಿ ಕೆಲವರು ಅದನ್ನು ಮಾಡಿದರೆಂದೇ ಅಲ್ಲಿ ಆಯುಧಗಳು ಕೆಳಗಿಳಿದುವು.

ಲಿಂಗಪೂಜೆಗೆ ಕುಳಿತ ಭಕ್ತನು ಮನಸ್ಸಿನೊಳಗೆ ಹೊಗುವ ಕಳ್ಳನನ್ನು ಎಚ್ಚರದಿಂದ ಕಾಯುವನು. ಪೂಜೆ ಮುಗಿಸಿ ಬೀದಿಗಿಳಿದಾಗ ಅದೇ ಎಚ್ಚರವು ಊರಿಗೂ ದೊರೆಯುವಂತಾಗಲಿ.

ಮನನಕ್ಕೆ ಕೆಲವು ಪ್ರಶ್ನೆಗಳು

(1) ಅಪರಾಧವನ್ನು ಕಂಡೂ ಸುಮ್ಮನಿರುವುದಕ್ಕೆ ಜನರು ಕೊಡುವ ಕಾರಣಗಳಾವುವು? ಅವುಗಳಲ್ಲಿ ಭಯವೆಷ್ಟು, ಉದಾಸೀನವೆಷ್ಟು?

(2) ಗೋಪಿನಾಥಂ ಮತ್ತು ಪೆರಿಯಾರ್ ನಿದರ್ಶನಗಳಲ್ಲಿ ಸಮಾನವಾದ ಅಂಶ ಯಾವುದು?

(3) ಊರಿನ ಕಾವಲು ಊರಿನ ದೌರ್ಜನ್ಯವಾಗದಂತೆ ನೋಡಿಕೊಳ್ಳಲು ಯಾವ ಎಚ್ಚರಿಕೆಗಳು ಬೇಕು?

(4) ನಿಮ್ಮ ಊರಿನಲ್ಲಿ ಕಾಯಕವಿಲ್ಲದೆ ದಾರಿ ತಪ್ಪುತ್ತಿರುವ ತರುಣನೊಬ್ಬನಿದ್ದರೆ ಅವನಿಗೆ ಯಾವ ಕೆಲಸವನ್ನು ಯಾರು ಒದಗಿಸಬಲ್ಲರು?