ಕಡಲ ತೊಟ್ಟಿ ಮತ್ತು ಬೆಳಕಿನ ಕಾಯಕ

ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಬೆಳೆಯುತ್ತವೆ. ಅವುಗಳ ಮೈಯೊಳಗಿನ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ, ಬಹುಪಾಲನ್ನು ಹವಳಕ್ಕೇ ಅರ್ಪಿಸುತ್ತವೆ. ಇದು ಕಡಲೊಳಗಿನ ಕಾಯಕ, ದಾಸೋಹ.

ಬೆಳಕಿನ ಈ ಮಹಿಮೆಯನ್ನು ಶಾಲೆಯ ಗಾಜಿನ ತೊಟ್ಟಿಯಲ್ಲಿಯೂ ತೋರಿಸಬಹುದು. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣದ ಮಿಶ್ರಣವನ್ನು ಕರಗಿಸಿ, ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇಡಬೇಕು. ವಿಷಕರವಾದ ಅಮೋನಿಯಾವನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕು. ಅಲ್ಲಿಯವರೆಗೆ ಮೀನು ಬಿಡಲಾಗದು. ಅನಂತರ ದಿನಕ್ಕೆ 8 ಗಂಟೆ ದೀಪ ಬೆಳಗಿಸಿದರೆ, ತೊಟ್ಟಿಯಲ್ಲಿಟ್ಟ ಸಮುದ್ರಪಾಚಿಯು ನೈಟ್ರೇಟನ್ನು ಹೀರಿ ಬೆಳೆಯುತ್ತದೆ.

ಹವಳವನ್ನು ಮಾತ್ರ ಕಿತ್ತು ತರಬಾರದು. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ತಡಸದ ಮಕ್ಕಳು ಬೆಳಕಿನ ಪಾಠವನ್ನು ತೊಟ್ಟಿಯಲ್ಲಿ ಕಲಿಯಲಿ. ಹವಳವು ಕಡಲಲ್ಲಿಯೇ ಬಾಳಲಿ.