ಅಂಕಿ-ಅಂಶಗಳೂ ರಾಜ್ಯಾಡಳಿತವೂ

ಸಂಸಾರವನ್ನು ತೂಗಿಸುವ ಗೃಹಿಣಿಗೆ ಮೂರು ಲೆಕ್ಕಗಳು ತಿಳಿದಿರಬೇಕು: ವಾಡೆಯಲ್ಲಿ ರಾಗಿ ಎಷ್ಟಿದೆ, ಉಣ್ಣುವ ಬಾಯಿಗಳೆಷ್ಟು, ಮುಂದಿನ ಸುಗ್ಗಿಗೆ ಇನ್ನೆಷ್ಟು ತಿಂಗಳಿವೆ. ರಾಜ್ಯವೂ ಒಂದು ದೊಡ್ಡ ಸಂಸಾರವೇ. ಆದರೆ ಗೃಹಿಣಿಯು ವಾಡೆಯೊಳಗೆ ಕೈಯಿಟ್ಟು ನೋಡಬಲ್ಲಳು. ಸರ್ಕಾರಕ್ಕೆ ಅಂಥ ಕೈಯಿಲ್ಲ. ಆ ಕೈಯ ಕೆಲಸವನ್ನು ಮಾಡುವುದೇ ಅಂಕಿ-ಅಂಶಗಳ ಸಂಸ್ಥೆ. ಅದು ಏನು ಮಾಡುತ್ತದೆ, ಅದರ ಧರ್ಮವೇನು ಎಂಬುದನ್ನು ನಮ್ಮ ಕೂಟಗಲ್ ಹೋಬಳಿಯ ರಾಗಿ ಹೊಲವನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಅಂಕಿಗಳೆಂದರೆ ಬರಿಯ ಒಣ ಲೆಕ್ಕವೆಂದು ನಮ್ಮಲ್ಲಿ ಅನೇಕರ ಅಭಿಪ್ರಾಯ. ಮೈಸೂರು ಸಂಸ್ಥಾನದ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಅಭಿಪ್ರಾಯ ಬದಲಾಗುತ್ತದೆ. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರ. ನಡುವೆ 1876ರಿಂದ 1878ರವರೆಗಿನ ಘೋರ ಕ್ಷಾಮ. ಎಂಟೂವರೆ ಲಕ್ಷಕ್ಕೂ ಮಿಗಿಲಾದ ಈ ವ್ಯತ್ಯಾಸದಲ್ಲಿ ಹಸಿವಿನಿಂದ ಸತ್ತವರು, ರೋಗದಿಂದ ಸತ್ತವರು, ಊರು ಬಿಟ್ಟು ಹೋದವರು, ಹುಟ್ಟದೆಯೇ ಉಳಿದ ಮಕ್ಕಳು ಎಲ್ಲರೂ ಅಡಗಿದ್ದಾರೆ. ಎಣಿಸದೆ ಹೋಗಿದ್ದರೆ ಈ ದುರಂತದ ಅಳತೆಯೇ ನಮಗೆ ಸಿಕ್ಕುತ್ತಿರಲಿಲ್ಲ. ಆದರೆ ಆ ಅಂಕಿ ಕೈಗೆ ಬಂದದ್ದು ಕ್ಷಾಮ ಮುಗಿದ ಮೇಲೆ. ಅಂಕಿ ಸತ್ಯವಾಗಿದ್ದರೆ ಸಾಲದು, ತಕ್ಕ ಕಾಲಕ್ಕೆ ಬರಲೂ ಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ಸ್ವಾತಂತ್ರ್ಯಾನಂತರ ಈ ಕೆಲಸಕ್ಕೆ ಭದ್ರವಾದ ತಳಹದಿ ಹಾಕಿದವರಲ್ಲಿ ಪ್ರೊಫೆಸರ್ ಪಿ. ಸಿ. ಮಹಲನೋಬಿಸ್ ಅವರು ಅಗ್ರಗಣ್ಯರು. 1949ರಲ್ಲಿ ನೇಮಕವಾದ ರಾಷ್ಟ್ರೀಯ ವರಮಾನ ಸಮಿತಿಗೆ ಅವರೇ ಅಧ್ಯಕ್ಷರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು ಅದರ ಸದಸ್ಯರಲ್ಲೊಬ್ಬರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ 1951ರಲ್ಲಿ ಕೇಂದ್ರ ಸಾಂಖ್ಯಿಕ ಸಂಘಟನೆಯೂ ಆರಂಭವಾದುವು. 2019ರಲ್ಲಿ ಇವೆರಡು ಶಾಖೆಗಳನ್ನೂ ಕೂಡಿಸಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯನ್ನಾಗಿ ಮಾಡಲಾಯಿತು. ನಮ್ಮ ರಾಜ್ಯದಲ್ಲಿ ಈ ಕಾರ್ಯ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯಕ್ಕೆ ಸೇರಿದ್ದು.

ಇಷ್ಟು ದೊಡ್ಡ ಯಂತ್ರಕ್ಕೆ ಧಾನ್ಯ ಬರುವುದು ಹಳ್ಳಿಯ ಹೊಲದಿಂದ. ಹಿಂದೆ ಬೆಳೆಯ ಅಂದಾಜನ್ನು ಕಣ್ಣಳತೆಯಲ್ಲಿ, ಆಣೆಯ ಲೆಕ್ಕದಲ್ಲಿ ಹೇಳುವ ಪದ್ಧತಿಯಿತ್ತು. ಹದಿನಾರಾಣೆ ಎಂದರೆ ಪೂರ್ಣ ಬೆಳೆ, ಎಂಟಾಣೆ ಎಂದರೆ ಅರ್ಧ. ಆದರೆ ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರೇ ಹೇಳಿದ್ದಾರಷ್ಟೆ. 1940ರ ದಶಕದಿಂದ ಮಹಲನೋಬಿಸ್, ಪಿ. ವಿ. ಸುಖಾತ್ಮೆ ಮೊದಲಾದವರ ಪ್ರಯತ್ನದಿಂದ ಕಣ್ಣಳತೆಯ ಬದಲು ಬೆಳೆ ಕಟಾವು ಪ್ರಯೋಗ ಬಳಕೆಗೆ ಬಂದಿತು.

ಈ ಪ್ರಯೋಗ ನಡೆಯುವುದನ್ನು ನಾನು ನಮ್ಮ ಹೋಬಳಿಯಲ್ಲಿ ನೋಡಿದ್ದೇನೆ. ಯಾವ ಸರ್ವೆ ನಂಬರು ಎಂಬುದನ್ನು ರೈತನೂ ಅಧಿಕಾರಿಯೂ ಆರಿಸುವಂತಿಲ್ಲ. ಯಾರ ಇಚ್ಛೆಗೂ ಒಳಪಡದ ಸಂಖ್ಯೆಗಳ ಮೂಲಕ ಅದು ಗೊತ್ತಾಗುತ್ತದೆ. ಹೊಲದೊಳಗೆ ಎಷ್ಟು ಹೆಜ್ಜೆ ಉದ್ದಕ್ಕೆ, ಎಷ್ಟು ಹೆಜ್ಜೆ ಅಗಲಕ್ಕೆ ನಡೆಯಬೇಕೆಂಬುದೂ ಹಾಗೆಯೇ. ಆ ಜಾಗದಲ್ಲಿ ಗೂಟ ನೆಟ್ಟು, ಹಗ್ಗ ಕಟ್ಟಿ, 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡಿನಲ್ಲಿ ರಾಗಿಯನ್ನು ಕೊಯ್ದು, ಬಡಿದು, ತೂರಿ, ತೂಗುತ್ತಾರೆ. ಈಗ ಮೊಬೈಲಿನಲ್ಲಿ ಚಿತ್ರ ತೆಗೆದು ಜಾಗದ ಗುರುತನ್ನೂ ದಾಖಲಿಸುತ್ತಾರೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆನ್ನುತ್ತೇವೆ. ಆದರೆ ಅದು ಸಾಕಾಗುವುದು ಪಾತ್ರೆಯಲ್ಲಿ ಸೌಟಾಡಿಸಿ ತಿರುವಿದ್ದರೆ ಮಾತ್ರ. ಹೊಲಗಳನ್ನು ಹಾಗೆ ಸೌಟಿನಿಂದ ತಿರುವಲಾಗದು. ಆದ್ದರಿಂದ ಆರಿಸುವ ಕ್ರಮವನ್ನೇ ಚೀಟಿಯೆತ್ತುವಂತೆ ನಿಷ್ಪಕ್ಷಪಾತವಾಗಿ ಇಟ್ಟಿದ್ದಾರೆ. ಮಾದರಿ ಸಮೀಕ್ಷೆಯ ರಹಸ್ಯವೆಲ್ಲ ಇಷ್ಟೇ.

ಇನ್ನು ಇದರ ಪರಿಣಾಮವನ್ನು ಲೆಕ್ಕ ಹಾಕೋಣ. 25 ಚದರ ಮೀಟರ್ ಎಂದರೆ ಒಂದು ಹೆಕ್ಟೇರಿನ 400ನೆಯ ಒಂದು ಭಾಗ. ಹಗ್ಗದೊಳಗಿನ ತೂಕದಲ್ಲಿ ಒಂದು ಕಿಲೋ ವ್ಯತ್ಯಾಸವಾದರೆ ಹೆಕ್ಟೇರಿಗೆ 4 ಕ್ವಿಂಟಾಲ್ ವ್ಯತ್ಯಾಸ! 2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಪ್ರತಿ ಘಟಕದಲ್ಲಿ ಕಡೆಯ ಪಕ್ಷ 4 ಪ್ರಯೋಗಗಳು ನಡೆಯಬೇಕು. ಉದಾಹರಣೆಗಾಗಿ, ಒಂದು ಪಂಚಾಯಿತಿಗೆ ನಿಗದಿಯಾದ ಇಳುವರಿ ಹೆಕ್ಟೇರಿಗೆ 16 ಕ್ವಿಂಟಾಲ್, ಆ ವರ್ಷದ ನಿಜವಾದ ಸರಾಸರಿ 12 ಕ್ವಿಂಟಾಲ್, ವಿಮೆಯ ಮೊತ್ತ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೊರತೆ ನಾಲ್ಕರಲ್ಲೊಂದು ಪಾಲು. ಪರಿಹಾರ 10,000 ರೂಪಾಯಿ. ನಾಲ್ಕು ಪ್ರಯೋಗಗಳಲ್ಲಿ ಒಂದರಲ್ಲಿ ಮಾತ್ರ ಒಂದು ಕಿಲೋ ಹೆಚ್ಚು ಬರೆದರೆ ಸರಾಸರಿ 13 ಕ್ವಿಂಟಾಲ್ ಆಗಿ, ಪರಿಹಾರ 7,500 ರೂಪಾಯಿಗೆ ಇಳಿಯುತ್ತದೆ. ಒಬ್ಬನ ಹೊಲದಲ್ಲಿ ನಡೆದ ತಪ್ಪಿಗೆ ಆ ಪಂಚಾಯಿತಿಯಲ್ಲಿ ವಿಮೆ ಮಾಡಿಸಿದ ಪ್ರತಿಯೊಬ್ಬ ರೈತನೂ ಹೆಕ್ಟೇರಿಗೆ 2,500 ರೂಪಾಯಿ ತೆರಬೇಕಾಗುತ್ತದೆ. ಕಡಮೆ ಬರೆದರೆ ಅದೇ ನಷ್ಟ ವಿಮಾ ನಿಧಿಗೆ.

ರೈತನಿಗೆ ತೂಕ ಕಡಮೆಯಾಗಬೇಕೆಂಬ ಆಸೆ. ವಿಮಾ ಕಂಪನಿಗೆ ಹೆಚ್ಚಾಗಬೇಕೆಂಬ ಆಸೆ. ಇಬ್ಬರನ್ನೂ ದೂಷಿಸಬೇಕಾಗಿಲ್ಲ, ಆಸೆ ಸಹಜ. ಆದುದರಿಂದಲೇ ತಕ್ಕಡಿ ಹಿಡಿಯುವವನು ಈ ಎರಡು ಆಸೆಗಳಿಗೂ ಹೊರಗಿನವನಾಗಿರಬೇಕು. ಅಷ್ಟೇ ಅಲ್ಲ, ತಕ್ಕಡಿ ಹಿಡಿದವನ ಮೇಲೂ ಕಣ್ಣಿರಬೇಕು. 1973-74ರಿಂದ ಬೆಳೆ ಅಂಕಿ-ಅಂಶಗಳ ಸುಧಾರಣೆಯ ಯೋಜನೆಯೊಂದರಲ್ಲಿ ರಾಷ್ಟ್ರೀಯ ಸಂಸ್ಥೆಯ ಸಿಬ್ಬಂದಿಯು ಕೆಲವು ಹಳ್ಳಿಗಳನ್ನು ಆರಿಸಿ, ಪಹಣಿಯ ಬೆಳೆಯನ್ನೂ ಕಟಾವಿನ ತೂಕವನ್ನೂ ಪರೀಕ್ಷಿಸುವ ಏರ್ಪಾಡು ಬಂದದ್ದು ಇದಕ್ಕಾಗಿಯೇ.

ಹೊಲದ ಈ ನ್ಯಾಯವೇ ದೆಹಲಿಗೂ ಅನ್ವಯಿಸುತ್ತದೆ. ಅಲ್ಲಿ ಅಂಕಿಯ ಮೇಲೆ ಆಸೆಯುಳ್ಳದ್ದು ಸರ್ಕಾರವೇ. ನಿರುದ್ಯೋಗ ಇಳಿದಿದೆ, ವರಮಾನ ಏರಿದೆ ಎಂದು ಕೇಳಲು ಯಾವ ಪಕ್ಷದ ಸರ್ಕಾರಕ್ಕೆ ತಾನೇ ಇಷ್ಟವಿಲ್ಲ? 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆಯಿತ್ತರು. ಆಯೋಗ ಒಪ್ಪಿದ್ದ ಉದ್ಯೋಗ ಸಮೀಕ್ಷೆ ಹೊರಬಂದಿಲ್ಲವೆಂಬುದು ಅವರ ಆಕ್ಷೇಪಣೆಗಳಲ್ಲೊಂದು. ಶೇಕಡ 6.1ರಷ್ಟು ನಿರುದ್ಯೋಗವನ್ನು ತೋರಿಸಿದ ಆ ವರದಿ ಅದೇ ವರ್ಷ ಮೇ 31ರಂದು ಪ್ರಕಟವಾಯಿತು. 2017-18ರ ಗೃಹವೆಚ್ಚದ ಸಮೀಕ್ಷೆಯ ಫಲಿತಾಂಶವನ್ನಂತೂ ಗುಣಮಟ್ಟದ ಕಾರಣ ಕೊಟ್ಟು ಸಚಿವಾಲಯವು ಪ್ರಕಟಿಸದೆ ಬಿಟ್ಟಿತು. ಅಂಕಿಯಲ್ಲಿ ದೋಷವಿದ್ದರೆ ದೋಷವನ್ನೂ ಸೇರಿಸಿ ಪ್ರಕಟಿಸಬಹುದಿತ್ತೆಂಬುದು ನನ್ನ ಅಭಿಪ್ರಾಯ. ಬಚ್ಚಿಟ್ಟ ತಕ್ಕಡಿಯನ್ನು ಯಾರೂ ನಂಬಲಾರರು. ಅಂಕಿಗಳು ನಿಷ್ಪಕ್ಷಪಾತವಾಗಿಯೂ ಎಲ್ಲರಿಗೂ ಸಮಾನವಾಗಿಯೂ ದೊರೆಯಬೇಕೆಂಬ ತತ್ತ್ವವನ್ನು 2014ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದೆ. 2016ರಲ್ಲಿ ನಮ್ಮ ದೇಶವೂ ಒಪ್ಪಿದೆ.

ಕಾಲದ ಮಾತನ್ನು ಮೊದಲೇ ಹೇಳಿದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಸಾಂಕ್ರಾಮಿಕದಿಂದ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಎಣಿಕೆಯ ಗಡುವಾಗಿಟ್ಟು 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಇದರಿಂದ ಹಳ್ಳಿಗೇನು ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ 400 ಜನರಿಗೆ ಒಬ್ಬ ಸದಸ್ಯ. ಆ ಎಣಿಕೆಗೆ ಆಧಾರ ಜನಗಣತಿ. 2013ರ ಆಹಾರ ಭದ್ರತಾ ಕಾಯಿದೆಯಂತೆ ಪಡಿತರ ಪಡೆಯಬಹುದಾದವರ ಸಂಖ್ಯೆಗೆ 81.35 ಕೋಟಿ ಎಂಬ ಮಿತಿ ಬಿದ್ದದ್ದು 2011ರ ಗಣತಿಯಿಂದ. ಆಮೇಲೆ ಸಂಸಾರ ಬೆಳೆಯಿತು. ಲೆಕ್ಕದ ಪುಸ್ತಕ ಬೆಳೆಯಲಿಲ್ಲ.

ಸಂಸ್ಥೆಯ ಧರ್ಮದಷ್ಟೇ ಪ್ರಜೆಗಳ ಧರ್ಮವೂ ಇದೆ. ಗಣತಿದಾರರು ಬಂದಾಗ ತೆರಿಗೆಯ ಭಯದಿಂದ ಮುಚ್ಚಿಡುವವರೂ, ಸವಲತ್ತಿನ ಆಸೆಯಿಂದ ಬದಲಿಸಿ ಹೇಳುವವರೂ ನಮ್ಮಲ್ಲಿ ಉಂಟು. 1948ರ ಜನಗಣತಿ ಕಾಯಿದೆಯಂತೆ ಒಬ್ಬರು ಕೊಟ್ಟ ವಿವರವನ್ನು ಇನ್ನೊಬ್ಬರು ನೋಡುವಂತಿಲ್ಲ. ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ. ಇದನ್ನು ಮನೆಯವರಿಗೂ ನೆರೆಯವರಿಗೂ ತಿಳಿಸುವುದು ವಿದ್ಯಾವಂತರಾದ ನಮ್ಮ ಕರ್ತವ್ಯ. ಬೇಲಿಯೇ ಎದ್ದು ಹೊಲ ಮೇಯದಂತೆ ಕಾಯಬೇಕಾದವರೂ ನಾವೇ. ಬರುವ ಸುಗ್ಗಿಯಲ್ಲಿ ನಿಮ್ಮೂರ ಹೊಲದಲ್ಲಿ ಹಗ್ಗ ಕಟ್ಟಿದಾಗ, ಮಿತ್ರರೇ, ಅಲ್ಲಿಗೆ ಹೋಗಿ ನಿಂತು, ತಕ್ಕಡಿಯ ಮುಳ್ಳನ್ನೂ ಬರೆದ ಅಂಕಿಯನ್ನೂ ಒಮ್ಮೆ ನೋಡಿರಿ.