ಶುದ್ಧ ಜೇನುತುಪ್ಪ ಯಾವುದು?



ಜೇನುತುಪ್ಪ ಯಾರಿಗೆ ಇಷ್ಟ ಇಲ್ಲ ಹೇಳಿ? ದೋಸೆಗೆ ಹಚ್ಚಿಕೊಳ್ಳೋಕೆ, ಪೂಜೆಯ ಪಂಚಾಮೃತಕ್ಕೆ, ಕೆಮ್ಮು ಬಂದರೆ ಔಷಧಿಗೆ, ಎಲ್ಲದಕ್ಕೂ ಜೇನುತುಪ್ಪ ಬೇಕು. ಆದರೆ ಶುದ್ಧವಾದದ್ದು ಯಾವುದು ಅಂತ ನಮಗೆ ಸರಿಯಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಅದರಿಂದ ನಮ್ಮ ಮನೆಯಲ್ಲಿ ಒಂದು ತಪ್ಪು ಆಯಿತು. ಅದಕ್ಕೇ ಈ ಲೇಖನ.

ಜೇನಿನ ವಿಧಗಳು

ನಮ್ಮ ಮಲೆನಾಡಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜೇನು ಸಿಗುತ್ತವೆ.

1. ಹೆಜ್ಜೇನು: ಎತ್ತರದ ಮರದ ಕೊಂಬೆಗೆ ಅಥವಾ ಬಂಡೆಗೆ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಇದಕ್ಕೆ ಸಿಟ್ಟು ಜಾಸ್ತಿ. ಕಲ್ಲು ಹೊಡೆದರೆ ಅಟ್ಟಿಸಿಕೊಂಡು ಬರುತ್ತೆ, ಹುಷಾರು!
2. ತುಡುವೆ: ಮರದ ಪೊಟರೆ, ಹುತ್ತಗಳಲ್ಲಿ ಇರುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಸಾಕಬಹುದು.
3. ಕೋಲುಜೇನು: ಪೊದೆಯ ಸಣ್ಣ ಕೋಲಿಗೆ ಚಿಕ್ಕ ಎರಿ ಕಟ್ಟುತ್ತದೆ.
4. ಮಿಸರಿ: ಬಹಳ ಸಣ್ಣದು, ಚುಚ್ಚುವುದಿಲ್ಲ. ಗೋಡೆ ಬಿರುಕಿನಲ್ಲೂ ಗೂಡು ಮಾಡುತ್ತದೆ. ಇದರ ತುಪ್ಪ ಸ್ವಲ್ಪ ಹುಳಿ.

ಜೇನುತುಪ್ಪ ಹೇಗೆ ಆಗುತ್ತದೆ?

ಹೂವಿನ ಮಕರಂದದಲ್ಲಿ ನೀರಿನ ಅಂಶ ಬಹಳ. ಹುಳುಗಳು ಅದನ್ನು ಹೀರಿ ತಂದು ಬಾಯಿಂದ ಬಾಯಿಗೆ ದಾಟಿಸುತ್ತವೆ. ಆಮೇಲೆ ಎರಿಯ ಕಣ್ಣುಗಳಲ್ಲಿ ತುಂಬಿ, ರೆಕ್ಕೆ ಬೀಸಿ ಬೀಸಿ ನೀರು ಆರಿಸುತ್ತವೆ. ಗಟ್ಟಿಯಾದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. 100 ಗ್ರಾಂ ಜೇನುತುಪ್ಪದಲ್ಲಿ ಸುಮಾರು 80 ಗ್ರಾಂ ಸಕ್ಕರೆಯೇ ಇರುತ್ತದೆ. ಉಳಿದದ್ದು ಹೆಚ್ಚಿನ ಭಾಗ ನೀರು. ಈ ಸಕ್ಕರೆಯಲ್ಲಿ ಗ್ಲುಕೋಸ್ ಮತ್ತು ಫ್ರುಕ್ಟೋಸ್ ಎಂಬ ಎರಡು ಮುಖ್ಯ.

ನಮ್ಮ ಮನೆಯಲ್ಲಿ ಆದದ್ದು

ಕಳೆದ ಬೇಸಿಗೆಯಲ್ಲಿ ಕಾಡಿನಿಂದ ಜೇನು ಕೊಯ್ಯುವ ಒಬ್ಬರು ನಮ್ಮ ಮನೆಗೆ ತುಡುವೆ ಜೇನು ತಂದಿದ್ದರು. ಅಪ್ಪ ಎರಡು ಬಾಟಲಿ ಕೊಂಡುಕೊಂಡರು. ಚಳಿಗಾಲ ಬಂದಾಗ ಬಾಟಲಿಯ ತಳದಲ್ಲಿ ಬಿಳಿ ಹರಳು ಕಟ್ಟಿತು. "ಸಕ್ಕರೆ ಪಾಕ ಬೆರೆಸಿ ಕೊಟ್ಟಿದ್ದಾನೆ" ಅಂತ ಮನೆಯಲ್ಲಿ ಎಲ್ಲರೂ ಅಂದರು. ನಾನೂ ಅಂದೆ. ಅವರು ಮತ್ತೆ ಬಂದಾಗ ಅಪ್ಪ ಮುಖಕ್ಕೇ ಹೇಳಿಬಿಟ್ಟರು. ಅವರು ಏನೂ ಮಾತಾಡದೆ ಚೀಲ ಎತ್ತಿಕೊಂಡು ಹೋದರು. ಆಮೇಲೆ ನಮ್ಮ ಕೇರಿಗೇ ಬರಲಿಲ್ಲ.

ಈ ವಿಷಯ ನಾನು ಶಾಲೆಯಲ್ಲಿ ಹೇಳಿದೆ. ವಿಜ್ಞಾನದ ಮೇಷ್ಟ್ರು ಬಾಟಲಿ ತರೋಕೆ ಹೇಳಿದರು. ಎರಡು ಗ್ಲಾಸಿನಲ್ಲಿ ನೀರು ಇಟ್ಟರು. ಒಂದಕ್ಕೆ ನಮ್ಮ ಜೇನುತುಪ್ಪ, ಇನ್ನೊಂದಕ್ಕೆ ಗಟ್ಟಿ ಬೆಲ್ಲದ ಪಾಕ ಬಿಟ್ಟರು. ಯಾವುದಕ್ಕೆ ಯಾವುದು ಅಂತ ನಮಗೆ ಹೇಳಲಿಲ್ಲ. ಎರಡೂ ನೂಲಿನ ಹಾಗೆ ನೇರ ತಳಕ್ಕೆ ಹೋದವು! ನೀರಿನಲ್ಲಿ ಮುಳುಗಿದರೆ ಶುದ್ಧ ಅಂತ ನಾವು ತಿಳಿದಿದ್ದೆವು. ಹಾಗಾದರೆ ಬೆಲ್ಲದ ಪಾಕವೂ ಶುದ್ಧ ಜೇನುತುಪ್ಪ ಆಗಬೇಕಲ್ಲ? ನೀರಿಗಿಂತ ಸಾಂದ್ರತೆ ಹೆಚ್ಚಿರುವುದೆಲ್ಲ ಮುಳುಗುತ್ತದೆ, ಅಷ್ಟೇ. ಇರುವೆ ಮುತ್ತೋದಿಲ್ಲ ಅನ್ನುವುದೂ ಸುಳ್ಳು. ಶುದ್ಧ ಜೇನುತುಪ್ಪಕ್ಕೂ ಇರುವೆ ಬರುತ್ತದೆ.

ಹರಳು ಏಕೆ ಕಟ್ಟುತ್ತದೆ? ಜೇನುತುಪ್ಪದಲ್ಲಿರುವ ಗ್ಲುಕೋಸ್ ಚಳಿಗೆ ಹರಳಾಗುತ್ತದೆ. ಯಾವ ಹೂವಿನ ಜೇನು ಅನ್ನುವುದರ ಮೇಲೆ ಬೇಗ ಅಥವಾ ತಡ ಆಗುತ್ತದೆ. ಹರಳು ನೋಡಿ ಕಲಬೆರಕೆ ಅನ್ನೋಕೆ ಆಗುವುದಿಲ್ಲ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಇಟ್ಟರೆ ಮತ್ತೆ ಕರಗುತ್ತದೆ. ಒಲೆ ಮೇಲೆ ಕಾಯಿಸಬಾರದು.

ಪೂರ್ತಿ ಗೊತ್ತಾಗಬೇಕಾದರೆ ಪ್ರಯೋಗಾಲಯವೇ ಬೇಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಅಂಗಡಿಯಲ್ಲಿ ಸಿಗುವ 13 ಬ್ರ್ಯಾಂಡ್‌ಗಳ ವರದಿ ಹೊರಡಿಸಿದರು. ಜರ್ಮನಿಯಲ್ಲಿ ಮಾಡಿಸಿದ ಎನ್‌ಎಂಆರ್ ಎಂಬ ಪರೀಕ್ಷೆಯಲ್ಲಿ 10 ಬ್ರ್ಯಾಂಡ್ ಫೇಲಾದವು. ಕಂಪನಿಗಳು ಇದನ್ನು ಒಪ್ಪಲಿಲ್ಲ. ಅಷ್ಟು ದೊಡ್ಡ ಪರೀಕ್ಷೆ ಬೇಕಾದ ವಿಷಯವನ್ನು ನಾವು ಒಂದು ಗ್ಲಾಸ್ ನೀರಲ್ಲಿ ತೀರ್ಮಾನ ಮಾಡುತ್ತೇವೆ!

ಆಗ ನನಗೆ ಒಂದು ನೆನಪಾಯಿತು. ಅವರು ಎರಿ ಹಿಂಡಿದ್ದು ನಮ್ಮ ಅಂಗಳದಲ್ಲೇ. ಹಿಂಡಿದ ಮೇಣವನ್ನು ನಾನೇ ಚೀಪಿದ್ದೆ. ಕಣ್ಣಾರೆ ನೋಡಿದ್ದನ್ನು ಮರೆತು ಹರಳನ್ನು ನಂಬಿದೆವು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಭಾನುವಾರ ಇಬ್ಬರೂ ಅವರ ಮನೆಗೆ ಹೋಗಿ ತಪ್ಪಾಯಿತು ಅಂತ ಹೇಳಿ ಬಂದೆವು. ಅವರು ನಕ್ಕು ಚಹಾ ಕೊಟ್ಟರು. ಈ ವರ್ಷ ಬರುತ್ತೇನೆ ಅಂದಿದ್ದಾರೆ. ಬರುತ್ತಾರೋ ಇಲ್ಲವೋ ನೋಡಬೇಕು.

ಉಪಯೋಗಗಳು

* ಕೆಮ್ಮಿಗೆ ಶುಂಠಿ ರಸ ಅಥವಾ ಕಾಳುಮೆಣಸಿನ ಪುಡಿ ಜೊತೆ ಒಂದು ಚಮಚ.
* ರೊಟ್ಟಿ, ದೋಸೆ, ಬಾಳೆಹಣ್ಣಿನ ರಸಾಯನಕ್ಕೆ.
* ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ.

ಎಚ್ಚರಿಕೆ

* ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಎಷ್ಟೇ ಶುದ್ಧ ಇದ್ದರೂ ಅದರಲ್ಲಿ ಬೊಟುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಹುಟ್ಟಿದ ಮಗುವಿನ ನಾಲಿಗೆಗೆ ಹಚ್ಚುವ ರೂಢಿ ನಮ್ಮಲ್ಲಿದೆ. ಮನೆಯಲ್ಲಿ ಅಜ್ಜಿಗೆ ದಯವಿಟ್ಟು ಹೇಳಿ.
* ಸಕ್ಕರೆ ಕಾಯಿಲೆ ಇದ್ದವರಿಗೆ ಜೇನುತುಪ್ಪವೂ ಸಕ್ಕರೆಯೇ.
* ಒದ್ದೆ ಚಮಚ ಹಾಕಬೇಡಿ. ನೀರು ಸೇರಿದರೆ ನೊರೆ ಬಂದು ಹುಳಿಯಾಗುತ್ತದೆ.

ಗೆಳೆಯರೇ, ಜೇನುತುಪ್ಪ ಕೊಳ್ಳುವಾಗ ಎಲ್ಲಿಂದ ಬಂತು, ಯಾರು ತೆಗೆದರು ಅಂತ ಕೇಳಿ. ಆದರೆ ಗೊತ್ತಿಲ್ಲದೆ ಯಾರನ್ನೂ ಮೋಸಗಾರ ಅನ್ನಬೇಡಿ.

ಪ್ರಶ್ನೆಗಳು (ಉತ್ತರ ಬರೆದು ಸೋಮವಾರ ಪೆಟ್ಟಿಗೆಗೆ ಹಾಕಿ)

1. ಚುಚ್ಚದ ಜೇನು ಯಾವುದು?
2. ಜೇನುತುಪ್ಪ ಏಕೆ ಹರಳುಗಟ್ಟುತ್ತದೆ?
3. ಎಷ್ಟು ವಯಸ್ಸಿನೊಳಗಿನ ಮಗುವಿಗೆ ಜೇನುತುಪ್ಪ ಕೊಡಬಾರದು?

– 7ನೇ ತರಗತಿ